ಜಂಬಕ್ಕನ ಮೆಟ್ಟಿಲು

"ಒಂದು ಪುಟ್ಟಿ ಮಣ್ಣು ಹಾಕಿದ್ರೂ ನನ್ನ ಮ್ಯಾಲೇ ಹಾಕಬೇಕ್ರಿ ಸರ, ಈಗ್ಲೇ ಹೇಳಾಕತ್ತೀನಿ."

ಟ್ರ್ಯಾಕ್ಟರಿನ ಟ್ರೈಲರಿಗೂ ಬಾವಿಗೂ ನಡುವೆ ಹುಲುಗಮ್ಮ ಸೊಂಟಕ್ಕೆ ಸೆರಗು ಬಿಗಿದು ನಿಂತುಬಿಟ್ಟಿದ್ದಳು. ಟ್ರೈಲರಿನ ತುಂಬ ಕೆರೆಯಿಂದ ತಂದ ಹಸಿ ಹೂಳು. ಅದನ್ನು ಬಾವಿಯ ಮೆಟ್ಟಿಲುಗಳ ಮೇಲೆ ಸುರಿಯಬೇಕಂತೆ, ವಿದೇಶದಿಂದ ಬರುವವರ ಕಣ್ಣೆದುರು ಹೆಂಗಸರು ಮತ್ತೆ ಎತ್ತಿಹಾಕಬೇಕಂತೆ. ಯೋಜನೆಯ ಸಂಯೋಜಕ ಸುಮಧ್ವ ಹೊಸಪೇಟೆಯಿಂದ ಹೊರಡುವಾಗಲೇ ಇಷ್ಟನ್ನೂ ಯೋಚಿಸಿಕೊಂಡು ಬಂದಿದ್ದ.

"ಹಟ ಮಾಡಬ್ಯಾಡ್ರಿ ಹುಲುಗಮ್ಮ. ದುಡ್ಡು ಕೊಡೋರು ಜಿನೀವಾದಿಂದ ಬರ್ತಿದಾರೆ. ಕೆಲಸ ನಡೆಯೋದು ಅವರ ಕಣ್ಣಿಗೆ ಕಾಣಬೇಕು. ಮೆಚ್ಚಿಕೊಂಡ್ರೆ ನಿಮ್ಮ ಕೇರಿಗೇ ಮೋಟರು, ಮನೆಮನೆಗೂ ನಲ್ಲಿ."

"ಕೆಲಸ ಮುಗದು ಐದು ವರ್ಷಾತಲ್ರಿ!"

ಮಲಪನಗುಡಿಗೆ ಹೆಸರು ತಂದ ದೊಡ್ಡ ಬಾವಿ ಇದಲ್ಲ. ಇದು ಕೇರಿಯ ಹಿಂದಿನ ಸಣ್ಣದು, ಯಾರೂ ಫೋಟೋ ಹೊಡೆಯದ್ದು. ಕರೋನಾ ಬಂದು ಬಸ್ಸು, ಕೂಲಿ, ಬಾಳೆತೋಟದ ಕೆಲಸ ಎಲ್ಲ ನಿಂತ ವರ್ಷವೇ ಕೇರಿಯ ಬೋರೂ ಕೈಕೊಟ್ಟಿತು. ಯಾರಾದರೂ ಬರುತ್ತಾರೆಂದು ಕಾಯುವ ಕಾಲವೇ ಅದು? ಒಬ್ಬರನ್ನೊಬ್ಬರು ಮುಟ್ಟಬೇಡಿ ಎಂದು ಆಟೋದಲ್ಲಿ ಮೈಕು ಕೂಗಿಕೊಂಡು ಹೋಗುತ್ತಿದ್ದರೆ, ಇಲ್ಲಿ ಹೆಂಗಸರು ಮೆಟ್ಟಿಲಿಗೊಬ್ಬರಂತೆ ನಿಂತು ಹೂಳೆತ್ತಿದರು. ಕೆಳಗಿನವಳು ಪುಟ್ಟಿಯನ್ನು ಮೇಲಿನ ಮೆಟ್ಟಿಲಲ್ಲಿಟ್ಟು ಕೈ ಹಿಂದಕ್ಕೆ ತೆಗೆದ ಮೇಲೆಯೇ ಮೇಲಿನವಳು ಬಗ್ಗಿ ಎತ್ತಬೇಕು. ಈ ಉಪಾಯ ಹುಲುಗಮ್ಮನ ನೆರೆಮನೆಯ ಜಂಬಕ್ಕನದು. ಮೇಲಿನಿಂದ ಮೂರನೆಯ ಮೆಟ್ಟಿಲು ಅವಳದು.

ನಲವತ್ತೊಂದನೆಯ ದಿನ ಸೆಲೆ ಒಡೆದು ನೀರು ಬಂತು. ಮರುವರ್ಷದ ಎರಡನೆಯ ಅಲೆಯಲ್ಲಿ, ಆಕ್ಸಿಜನ್ ಬೆಡ್ಡು ಸಿಗುವಷ್ಟರಲ್ಲಿ, ಜಂಬಕ್ಕ ಹೋಗಿಬಿಟ್ಟಳು. ಅಷ್ಟು ಗಟ್ಟಿ ಹೆಂಗಸು! ಯೋಜನೆ ಬಂದದ್ದು ಅದೆಲ್ಲ ಆದ ಮೇಲೆ, ನೀಲಿ ಬೋರ್ಡೊಂದರ ಜೊತೆ. ಅದರ ಮೇಲೆ 'ಸುಸ್ಥಿರ ಚೇತರಿಕೆ' ಎಂದು ದೊಡ್ಡ ಅಕ್ಷರದಲ್ಲಿ ಬರೆದಿತ್ತು. ಹಾಗೆಂದರೇನು ಎಂದು ಯೋಜನೆಯಲ್ಲೇ ಕೆಲಸಕ್ಕಿದ್ದ ತಂಗಿಯ ಮಗಳು ಭವ್ಯ ಬಿಡಿಸಿ ಹೇಳಿದಾಗ ಹುಲುಗಮ್ಮ, "ಬಿದ್ದವರು ಎದ್ದು ನಿಂದ್ರೋದು ಅನ್ನು. ಅದನ್ನ ನಾವ ಮಾಡೀವಲ್ಲ," ಎಂದಿದ್ದಳು.

ಈಗ ಅದೇ ಭವ್ಯ ಹತ್ತಿರ ಬಂದು ಪಿಸುಗುಟ್ಟಿದಳು. "ದೊಡ್ಡವ್ವ, ಸರಿದು ನಿಂದ್ರು. ನನ್ನ ಕೆಲಸ ಹೋಗ್ತೈತಿ."

ಹುಲುಗಮ್ಮ ಅವಳತ್ತ ತಿರುಗಿ ನೋಡಿದಳು. ಸಾಕಿ ಬೆಳೆಸಿದ ಹುಡುಗಿ. ಆದರೂ ಕಾಲು ಕದಲಲಿಲ್ಲ.

ಅಷ್ಟರಲ್ಲಿ ಎರಡು ಬಿಳಿ ಕಾರು ಬಂದೇಬಿಟ್ಟವು, ಹೇಳಿದ್ದಕ್ಕಿಂತ ಅರ್ಧ ತಾಸು ಮೊದಲೇ. ಇಳಿದವರಲ್ಲಿ ಮುಂದಿದ್ದ ನರೆಗೂದಲಿನ ಹೆಂಗಸು ಬಾವಿಗಿಂತ ಮೊದಲು ಟ್ರೈಲರನ್ನು ನೋಡಿ ಏನೋ ಕೇಳಿದಳು. ಸುಮಧ್ವ ಮುಖದ ತುಂಬ ನಗುತ್ತ ಇಂಗ್ಲಿಷಿನಲ್ಲಿ ಶುರುಮಾಡಿದ.

"ಏನಂದ್ರಬೇ ಭವ್ಯಾ?"

"ಈ ಮಣ್ಣು ಯಾಕ ಅಂತ ಕೇಳಾಕತ್ತಾರ."

"ಬಾವ್ಯಾಗ ಹಾಕಿ ಮತ್ತ ನಮ್ಮ ಕೈಲೇ ತಗಸಾಕ ಅಂತ ಹೇಳು. ಇದ್ದದ್ದು ಇದ್ದಂಗ ಹೇಳು."

ಭವ್ಯ ಸುಮಧ್ವನ ಮುಖ ನೋಡಿದಳು, ಬಾವಿಯ ಕಡೆ ನೋಡಿದಳು. ಇಂಗ್ಲಿಷಿನಲ್ಲಿ ಹೇಳಿಯೇಬಿಟ್ಟಳು. ಸುಮಧ್ವನ ನಗು ಅಲ್ಲಿಗೇ ನಿಂತಿತು. ಆ ಹೆಂಗಸು ಕನ್ನಡಕ ತೆಗೆದು ಮತ್ತೊಂದು ಪ್ರಶ್ನೆ ಕೇಳಿದಳು.

"ಹಂಗಾದ್ರ ಇಲ್ಲಿ ನಮ್ಮ ಯೋಜನೆ ಏನು ಮಾಡೈತಿ ಅಂತಾರ, ದೊಡ್ಡವ್ವ."

"ಬೋರ್ಡ್ ಹಾಕೈತಿ."

ಹೆಂಗಸರು ಸೆರಗು ಬಾಯಿಗಿಟ್ಟು ಕಿಸಕ್ಕನೆ ನಕ್ಕರು.

"ನಗಬ್ಯಾಡ್ರೇ. ಮೋಟರ್ ಕೊಟ್ರ ಕೊಡ್ಲಿ, ಬ್ಯಾಡ ಅನ್ನಂಗಿಲ್ಲ. ಆದ್ರ ಸತ್ತಾಕಿ ಎತ್ತಿದ ಹೂಳನ್ನ ತಮ್ಮದು ಅನ್ನಬಾರ್ದು. ಅಷ್ಟ ಹೇಳು. ಭಾಳ ಬಿಸಿಲಾಗ ಬಂದಾರ, ನೀರು ಕುಡದು ಹೋಗ್ಲಿ."

ಸುಮಧ್ವ ಯಾರ ಮುಖವನ್ನೂ ನೋಡದೆ ಡ್ರೈವರಿಗೆ ಕೈ ಬೀಸಿದ. ಟ್ರ್ಯಾಕ್ಟರು ಹೂಳಿನ ಸಮೇತ ಹಿಂದಕ್ಕೆ ಸರಿಯಿತು. ಹುಲುಗಮ್ಮ ಕೊಡ ಹಿಡಿದು ತಳಕ್ಕಿಳಿದಳು. ಯಾರೂ ಕರೆಯದಿದ್ದರೂ ಹೆಂಗಸರು ತಮ್ಮ ತಮ್ಮ ಮೆಟ್ಟಿಲಿಗೆ ಹೋಗಿ ನಿಂತರು. ತುಂಬಿದ ಕೊಡ ಮೆಟ್ಟಿಲಿನಿಂದ ಮೆಟ್ಟಿಲಿಗೆ ಹತ್ತಿಕೊಂಡು ಬಂತು.

ಮೇಲಿನಿಂದ ಮೂರನೆಯ ಮೆಟ್ಟಿಲಲ್ಲಿ ಯಾರೂ ಇರಲಿಲ್ಲ. ಕೆಳಗಿನವಳು ಕೊಡವನ್ನು ಅಲ್ಲಿಟ್ಟು ಕೈ ಹಿಂದಕ್ಕೆ ತೆಗೆದಳು. ತೆರವಿದ್ದ ಜಾಗ ಕಂಡು ನೆರವಾಗಲೆಂದು ಆ ನರೆಗೂದಲಿನ ಹೆಂಗಸು ಕೆಳಗಿಳಿಯಹೋದಾಗ, ಭವ್ಯ ಮೆಲ್ಲಗೆ ಅವಳ ತೋಳು ಹಿಡಿದಳು. ಕೊಡದ ಬಾಯಲ್ಲಿ ನೀರು ತುಳುಕಿ, ತೂಗಿ, ನಿಂತಿತು.

ಆಮೇಲೆ ಎರಡನೆಯ ಮೆಟ್ಟಿಲಿನವಳು ಬಗ್ಗಿ ಕೊಡ ಎತ್ತಿಕೊಂಡಳು.