ಗಲೀಷಿಯಾದ ವೀರ ದೊಬೆರ್ದೊಗೆ ಬಂದದ್ದು

ಅದು ಮೊದಲ ಮಹಾಯುದ್ಧದ ಕಾಲ. ಹಂಗೇರಿಯ ಸಾರ್ಜೆಂಟ್ ಗೆರ್ಗೆಯ್‌ಗೆ ಯುದ್ಧವೆಂದರೆ ರಷ್ಯದ ಗಡಿಯ ಗಲೀಷಿಯಾ ಒಂದೇ. ರಷ್ಯನ್ನರ ಎದುರು ಒಂದೂವರೆ ವರ್ಷ ಸೊಂಟದವರೆಗಿನ ಕೆಸರಲ್ಲಿ ನಿಂತು ಬಂದವನು ತಾನು. ಇಟಲಿಯವರ ಎದುರು ದೊಬೆರ್ದೊದ ಈ ಬೋಳು ಕಲ್ಲುಗುಡ್ಡದ ಮೇಲೆ ಕೂತವರೆಲ್ಲ ಅವನ ಕಣ್ಣಿಗೆ ಬಿಸಿಲು ಕಾಯಲು ಬಂದ ನೆಂಟರು. ಬಂದ ದಿನದಿಂದ ಅದನ್ನೇ ಕೊರೆದು ಕೊರೆದು ಎಲ್ಲರ ತಲೆ ತಿಂದಿದ್ದ.

"ಶೆಲ್ ಬಿದ್ರೆ ಅಲ್ಲಿನ ಕೆಸರು ಗುಳುಂ ಅಂತ ನುಂಗ್ತಿತ್ತು ಕಣ್ರೋ. ಯುದ್ಧ ಅಂದ್ರೆ ಅದು! ಕುದುರೆ ಓಡ್ತಿತ್ತು, ನಾವೂ ಓಡ್ತಿದ್ವಿ, ವಾರಕ್ಕೊಂದು ಊರು ದಾಟ್ತಿದ್ವಿ."

"ಯಾವ ಕಡೆಗೆ ಓಡ್ತಿದ್ರಿ ಸಾಹೇಬ್ರೇ?" ಎಂದ ವಿಂತ್ಸೆ. ವರ್ಷದಿಂದ ಈ ಬಂಡೆಗೇ ಅಂಟಿಕೊಂಡಿದ್ದ ಹಳೇ ಸಿಪಾಯಿ ಅವನು. ಎಲ್ಲರೂ ಗೊಳ್ಳೆಂದರು.

ಮರುದಿನ ಶೆಲ್ ಬಿತ್ತು. ಈ ನೆಲ ನುಂಗುವ ಜಾತಿಯದಲ್ಲ, ಸಿಡಿಯುವ ಜಾತಿಯದು. ಗಲೀಷಿಯಾದಿಂದ ಗೆರ್ಗೆಯ್ ಜೊತೆಗೇ ಬಂದಿದ್ದ ಅವನ ಊರಿನ ಗೆಳೆಯ ದೊಮೊತೊರ್‌ನ ತೊಡೆಗೆ ಕಲ್ಲಿನ ಚೂರುಗಳು ಹೊಕ್ಕವು. ಜ್ವರ ಏರಿತು, ನೀರು ನೀರು ಎಂದು ಹಲುಬತೊಡಗಿದ. ನೀರು ಹೊರುವ ಹೇಸರಗತ್ತೆಗಳ ದಾರಿಗೇ ಇಟಲಿಯ ಫಿರಂಗಿಗಳು ಗುರಿಯಿಟ್ಟಿದ್ದವು; ಇದ್ದಬದ್ದ ಡಬ್ಬಗಳೆಲ್ಲ ಖಾಲಿ.

ಮಧ್ಯಾಹ್ನ ದೇವರು ಕಣ್ಣುಬಿಟ್ಟ, ಧೋ ಎಂದು ಮಳೆ ಸುರಿಯಿತು. ವಿಂತ್ಸೆ ಮತ್ತು ಸಂಗಡಿಗರು ಕಂದಕದಲ್ಲಿ ದೊಮೊತೊರ್ ಪಕ್ಕದ ತಗ್ಗಿಗೆ ಡೇರೆಯ ಬಟ್ಟೆ ಹಾಸಿ, ಅಂಚಿಗೆ ಕಲ್ಲು ಹೇರಿ, ನೀರು ತುಂಬಲಿ ಎಂದು ಬಿಟ್ಟು, ಕುಸಿದ ಗೋಡೆ ಕಟ್ಟಲು ಹೋದರು.

ಗೆರ್ಗೆಯ್ ಕಾವಲು ಮುಗಿಸಿ ಬಂದಾಗ ಮಳೆ ನಿಂತಿತ್ತು. ನೋಡುತ್ತಾನೆ, ಗೆಳೆಯ ಜ್ವರದ ಮಂಪರಿನಲ್ಲಿ ಮಲಗಿದ ಪಕ್ಕದಲ್ಲೇ ಗೇಣೆತ್ತರದ ನೀರು! ನಿಂತ ನೀರಿನಲ್ಲಿ ಕಾಲು ಕೊಳೆತು ಸತ್ತವರನ್ನು ಅವನು ಗಲೀಷಿಯಾದಲ್ಲಿ ಕೈಯಾರೆ ಹೂತಿದ್ದ.

"ಥೂ, ಸೋಮಾರಿ ನನ್ಮಕ್ಳಾ! ಗಾಯ ಆದವನನ್ನ ನೀರಲ್ಲಿ ಮಲಗಿಸ್ತೀರಾ?" ಎಂದು ಯಾರೂ ಇಲ್ಲದ ಕಂದಕಕ್ಕೆ ಬೈದು, ಊಟದ ಡಬ್ಬಿಯಿಂದ ಮೊಗೆದು ಮೊಗೆದು ಹೊರಗೆ ಚೆಲ್ಲಿದ. ಬಂಡೆಯ ಬಿರುಕುಗಳು ಅಷ್ಟನ್ನೂ ಕುಡಿದವು. ಗೆಳೆಯನ ಬಾಯಾರಿಕೆ, ಕಣ್ಣೆದುರಿನ ನೀರು, ಎರಡೂ ಆ ಮಹಾವೀರನ ತಲೆಯಲ್ಲಿ ಒಂದಕ್ಕೊಂದು ಕೂಡಲೇ ಇಲ್ಲ. ಕೊನೆಗೆ ಬಟ್ಟೆಯನ್ನೂ ಕೊಡವಿ ಬಿಸಿಲಿಗೆ ಹರವಿದ. ಶಿಸ್ತೆಂದರೆ ಶಿಸ್ತು!

ವಿಂತ್ಸೆ ಸಂಗಡಿಗರೊಂದಿಗೆ ಡಬ್ಬಗಳನ್ನು ಹಿಡಿದು ಬಂದ. "ನೀರೆಲ್ಲಿ?"

"ಚೆಲ್ಲಿದೆ. ಕಂದಕ ಅಂದ್ರೆ ಹೀಗಿರ್ಬೇಕು, ಕಲ್ತ್ಕೊಳ್ಳಿ."

ವಿಂತ್ಸೆ ಬೈಯಲಿಲ್ಲ. ಡಬ್ಬಗಳನ್ನು ಕೆಳಗಿಟ್ಟ. "ಅದು ನಿಮ್ಮ ಗೆಳೆಯನಿಗೆ ಅಂತ ಹಿಡಿದಿಟ್ಟಿದ್ದು ಸಾಹೇಬ್ರೇ."

ಮಾತು ಕೇಳಿ ದೊಮೊತೊರ್ ಕಣ್ಣು ತೆರೆದ.

"ಚೆಲ್ಬಿಟ್ಯಾ?"

"ಹೂಂ ಕಣೋ."

"ಹೋಗ್ಲಿ ಬಿಡು. ನಾನಾಗಿದ್ರೂ ಚೆಲ್ತಿದ್ದೆ."

ಅಷ್ಟು ದಿನ ಬಡಾಯಿ ಕೊಚ್ಚಿದ ಗಂಡಸು ಎಲ್ಲರೆದುರು ಗೊಳೋ ಎಂದು ಅಳತೊಡಗಿದ. ದೊಮೊತೊರ್ ಒಣಗಿ ಒಡೆದ ತುಟಿಗಳನ್ನು ಕಷ್ಟಪಟ್ಟು ತೆರೆದ.

"ಅಳೋದಾದ್ರೆ ಹತ್ರ ಬಂದು ಅಳೋ. ಅದನ್ನೂ ಚೆಲ್ಬೇಡ."