ಗುರುವಾರದ ಗಾಡಿ

"ಗಾಡಿ ನಿಂದರಿಸು ಸೋಮೇಶ. ಇಂಜಿನ್ ಬಂದ್ ಮಾಡು."

ಶಾರದಾಬಾಯಿ ಹಿಂದಿನ ಸೀಟಿನಿಂದ ಮುಂದಕ್ಕೆ ಬಾಗಿ ಎರಡನೆಯ ಸಲ ಹೇಳಿದಳು. ವಳಸಂಗ ದಾಟಿ ರಸ್ತೆ ಹೊರಳುವಲ್ಲಿ ಮೀಟರಿನ ಮೂಲೆಯಲ್ಲಿ ಕೆಂಪು ದೀಪವೊಂದು ಹತ್ತಿ ಆರಿತ್ತು. ಮಗ ಅದನ್ನು ಗಮನಿಸಿದಂತೆ ಕಾಣಲಿಲ್ಲ.

"ಹನ್ನೊಂದಕ್ಕ ಎತ್ತತಾರ, ಲಗೂ ನಡಿ ಅಂತ ಬೆಳಗಿಂದ ತಲಿ ತಿನ್ನಾಕತ್ತೀದಿ. ಈಗ ನಿಂದರಿಸು ಅಂತಿ."

"ಇಂಜಿನ್ ಎಣ್ಣಿ ದೀಪ ಹತ್ತಿತ್ತು."

"ಹತ್ತಿ ಆರೇತಲ್ಲ. ಸೆನ್ಸರ್ ಕೆಟ್ಟಿರಬೇಕು."

"ಗಾಡಿ ಹೊಳ್ಳುವಾಗ ಎಣ್ಣಿ ಒಂದು ಬಾಜೂಕ ಸರೀತೈತಿ. ಕಡಿಮಿ ಇದ್ರ ಪಂಪಿಗಿ ಸಿಗಂಗಿಲ್ಲ. ಅದಕ್ಕ ಹತ್ತತೈತಿ."

ಸೋಮೇಶ ನಕ್ಕ. "ನವಿ ಪೇಠದ ಅಂಗಡ್ಯಾಗ ಚಾದರ ಮಾರೂದು ಬಿಟ್ಟು ಗ್ಯಾರೇಜ್ ಹಾಕಮು ನಡಿ ಅವ್ವಾ. ಶಾರದಾಬಾಯಿ ಮೋಟಾರ್ಸ್ ಅಂತ ಬೋರ್ಡ್ ಬರಸ್ತೀನಿ."

ಬೆಳಿಗ್ಗೆ ಆರಕ್ಕೆ ಸೊಲ್ಲಾಪುರದ ಮನೆಗೆ, ಅಕ್ಕಲಕೋಟದ ಆಚೆಯ ನಾಗಣಸೂರಿನಿಂದ ಪಿಂಕಿಯ ಫೋನ್ ಬಂದಿತ್ತು. ಮೂರು ವಾರದಿಂದ ಕಾಮಾಲೆಯಲ್ಲಿ ಮಲಗಿದ್ದ ಅವಳ ಅಪ್ಪ ಭಗವಂತ, ಇವರ ಮನೆಯ ಡ್ರೈವರ್, ನಸುಕಿನಲ್ಲಿ ತೀರಿಕೊಂಡಿದ್ದ. "ಹಾರ ಕಳಿಸಿಬಿಡಮು, ಅಷ್ಟು ದೂರ ನೀ ಯಾಕ?" ಅಂದಿದ್ದ ಸೋಮೇಶ. ಶಾರದಾಬಾಯಿ ಅದಕ್ಕೆ, "ಮಾರಿ ನೋಡಬೇಕು," ಎಂದಷ್ಟೇ ಹೇಳಿ ಸೀರೆ ಬದಲಿಸಿ ಬಂದು ಗಾಡಿಯಲ್ಲಿ ಕುಳಿತಿದ್ದಳು.

ಅಕ್ಕಲಕೋಟದ ಮನೆಗಳು ಕಾಣತೊಡಗಿದಾಗ ದೀಪ ಮತ್ತೆ ಹತ್ತಿತು. ಈ ಸಲ ಆರಲಿಲ್ಲ. ಡಬ್ಬಿಯಲ್ಲಿ ಕಲ್ಲು ಹಾಕಿ ಅಲ್ಲಾಡಿಸಿದಂಥ ಸದ್ದು ಶುರುವಾಯಿತು.

"ಸೋಮೇಶ."

ಆ ದನಿಗೆ ಅವನು ಕೀಲಿ ತಿರುಗಿಸಿದ. ಗಾಡಿ ತನ್ನಷ್ಟಕ್ಕೆ ಉರುಳುತ್ತ ಹೋಗಿ ರಸ್ತೆಯ ಬದಿಯಲ್ಲಿ ನಿಂತಿತು. ಆಗ ಹತ್ತೂ ಇಪ್ಪತ್ತು.

*

ಗಾಡಿ ಕೊಂಡವರು ಆಕೆಯ ಗಂಡ ಚನ್ನವೀರಪ್ಪ. ಸಣ್ಣ ಗಾಡಿ, ಆದರೆ ಟರ್ಬೊ ಅಂತ ಅಂಗಡಿಗೆ ಬಂದವರಿಗೆಲ್ಲ ಹೇಳಿದ್ದರು. ವರ್ಷ ತುಂಬುವುದರೊಳಗೆ ಅವರು ಹೋದರು. ಅಂಗಡಿಯ ಟೆಂಪೊ ಓಡಿಸುತ್ತಿದ್ದ ಭಗವಂತ ಆಮೇಲೆ ಪ್ರತಿ ಗುರುವಾರ ಆಕೆಯನ್ನು ಅಕ್ಕಲಕೋಟದ ಸ್ವಾಮಿಗಳ ಗುಡಿಗೆ ಕರೆದೊಯ್ಯತೊಡಗಿದ.

ಮೊದಲ ಕೆಲವು ವಾರ ಗಾಡಿಯಲ್ಲಿ ಮಾತೇ ಇರಲಿಲ್ಲ. ಗಂಡ ಸತ್ತ ಹೆಂಗಸು ಡ್ರೈವರ್ ಜೊತೆ ಏನು ಮಾತಾಡಬೇಕು? ತನ್ನ ಮನೆಯ ಸುದ್ದಿ ಹೇಳಬಾರದು, ಅವನ ಮನೆಯ ಸುದ್ದಿ ಕೇಳಬಾರದು. ಅವನೂ ಮುಂದಿನ ಕನ್ನಡಿಯನ್ನು ಆಕೆಯ ಮುಖ ಕಾಣದಂತೆ ಸ್ವಲ್ಪ ಹೊರಳಿಸಿ ಇಟ್ಟುಕೊಂಡಿದ್ದ. ಎಡಬದಿಯ ಹಿಂದಿನ ಸೀಟಿನಿಂದ ಆಕೆಗೆ ಕಾಣುತ್ತಿದ್ದದ್ದು ಅವನ ಎಡಗಿವಿ, ಅದರ ಮೇಲಿನ ನರೆತ ಕೂದಲು, ಅಂಗಿಯ ಕಾಲರು.

ಒಂದು ದಿನ ಆಕೆ ಕೇಳಿದಳು. "ಇದೇನು ಭಗವಂತ, ಏರಿನ್ಯಾಗ ಶಿಳ್ಳಿ ಹೊಡದಂಗ ಸಪ್ಪಳ?"

"ಅದ ಟರ್ಬೊರಿ ಅವ್ವಾರ." ಅವನ ದನಿ ಒಮ್ಮೆಲೇ ಸಡಿಲಾಯಿತು. "ಇಂಜಿನ್ ಸಣ್ಣದು. ಒಂದು ಸಾವಿರ ಸಿಸಿ, ಮೂರ ಸಿಲಿಂಡರ್. ಹೊರಗ ಹೋಗೋ ಹೊಗಿ ಇರತೈತಲ್ರಿ, ಆ ಹೊಗಿ ಜೋರಿಗಿ ಒಂದು ಸಣ್ಣ ಫ್ಯಾನ್ ತಿರಗತೈತಿ. ಅದು ಹೊರಗಿನ ಗಾಳಿ ಜಗ್ಗಿ, ಒತ್ತಿ, ಒಳಗ ತುಂಬತೈತಿ. ಗಾಳಿ ಹೆಚ್ಚಾದ್ರ ತಾಕತ್ತೂ ಹೆಚ್ಚು. ಬರೇ ಇಂಜಿನ್ ಆಗಿದ್ರ ಎಪ್ಪತ್ತು ಹಾರ್ಸ್‌ಪವರ್, ಈಗ ನೂರು."

"ಹೋಗೋ ಹೊಗಿನೂ ಬಿಡಂಗಿಲ್ಲ ಅನ್ನು."

"ಬಿಡಂಗಿಲ್ರಿ. ನಮ್ಮ ದೊಡ್ಡ ಮಾಲಕರಂಗ." ಅಂದವನು ಗಾಬರಿಯಿಂದ ಗೇರ್ ಬದಲಿಸಿದ. ಶಾರದಾಬಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ಗಂಡ ಸತ್ತ ಮೇಲೆ ಅದೇ ಮೊದಲ ನಗು. ಅದು ಅವನಿಗೆ ಕಂಡಿರಲಿಕ್ಕಿಲ್ಲ.

ಆಮೇಲೆ ಇಂಜಿನ್ನೇ ಅವರ ಮಾತಾಯಿತು. ಅದನ್ನು ಆಡಿದರೆ ಯಾರೂ ಏನೂ ಅನ್ನುವಂತಿರಲಿಲ್ಲ. ಕಾಲು ಒತ್ತಿದ ಕೂಡಲೇ ಗಾಡಿ ಜಿಗಿಯುವುದಿಲ್ಲ, ಆ ಫ್ಯಾನಿಗೆ ವೇಗ ಬರುವತನಕ ಒಂದು ಗಳಿಗೆ ತಡೆಯುತ್ತದೆ. ಆ ಗಳಿಗೆಯನ್ನು ಲೆಕ್ಕ ಹಿಡಿದೇ ಲಾರಿ ದಾಟಬೇಕು. ಫ್ಯಾನು ನಿಮಿಷಕ್ಕೆ ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುತ್ತದೆ, ಕೆಂಪಗೆ ಕಾಯುತ್ತದೆ, ಅದನ್ನು ಕಾಪಾಡುವುದು ಎಣ್ಣೆ ಒಂದೇ. ಜೋರಾಗಿ ಬಂದು ಗಕ್ಕನೆ ಬಂದ್ ಮಾಡಿದರೆ ಎಣ್ಣೆ ಅಲ್ಲೇ ಸುಟ್ಟು ಕರಿ ಕಟ್ಟುತ್ತದೆ. "ಒಂದು ನಿಮಿಷ ಕುಂಡ್ರಬೇಕ್ರಿ," ಅನ್ನುತ್ತಿದ್ದ ಭಗವಂತ. ಮನೆ ಮುಟ್ಟಿದ ಮೇಲೂ ಇಂಜಿನ್ ಹಾಗೇ ಬಿಟ್ಟು ಆ ಒಂದು ನಿಮಿಷ ಅವನು ಕೂರುತ್ತಿದ್ದ. ಶಾರದಾಬಾಯಿಯೂ ಇಳಿಯುತ್ತಿರಲಿಲ್ಲ.

ಒಳಗೆ ಹೋದರೆ ಟಿವಿ ಇತ್ತು. ಸೊಸೆ ಕೇಳುವ, "ದರ್ಶನ ಆತೇನ್ರಿ?" ಇತ್ತು. ಮುಂದಿನ ಗುರುವಾರದತನಕ ಅಷ್ಟೇ.

*

ಗಾಡಿ ನಿಂತಲ್ಲಿಂದ ನಾಲ್ಕು ಹೆಜ್ಜೆಗೆ ಒಂದು ಗ್ಯಾರೇಜ್ ಇತ್ತು. ಬಿಳಿ ಅಂಗಿ ತೊಟ್ಟು ಶಟರ್ ಎಳೆಯುತ್ತಿದ್ದವನು ತಿರುಗಿ ನೋಡಿ ಹತ್ತಿರ ಬಂದ.

"ಭಗವಂತ ಕಾಕಾನ ಗಾಡಿ ಅಲ್ಲೇನ್ರಿ ಇದು?"

"ನಮ್ಮ ಗಾಡಿ," ಅಂದ ಸೋಮೇಶ.

"ಹಂಗಾದ್ರ ಮಾಲಕರು ನೀವ. ನಾ ಧನರಾಜರಿ. ಕಾಕಾನ ಮಣ್ಣಿಗಿ ಹೊಂಟಿದ್ದೆ." ಬಾನೆಟ್ ಎತ್ತಿ, ಎಣ್ಣೆ ಅಳೆಯುವ ಕಡ್ಡಿಯನ್ನು ಎಳೆದು ಒರೆಸಿ, ಮತ್ತೆ ಅದ್ದಿ ಎಳೆದ. ಕಡ್ಡಿಯ ತುದಿ ಒಣಗಿತ್ತು. "ಮೂರು ವಾರದಿಂದ ಎಣ್ಣಿ ಹಾಕೇ ಇಲ್ಲೇನ್ರಿ?"

"ಎಣ್ಣಿ ಯಾಕ? ಸರ್ವಿಸಿಂಗಿಗಿ ಇನ್ನಾ ಎರಡು ತಿಂಗಳ ಐತಿ. ಮೊನ್ನೆ ಮೊನ್ನೆ ಎರಡ ಸಲ ಪುಣೇಕ ಹೋಗಿಬಂದೀನಿ, ಏನೂ ಆಗಿಲ್ಲ."

"ಪುಣೇಕ ಹೋಗಿ ಬಂದೀರಿ, ಅದಕ್ಕ ಆಗೇತಿ. ಟರ್ಬೊದ ಸೀಲ್ ಹೋಗಿ ಎರಡು ವರ್ಷ ಆತ್ರಿ. ಒಂದಿಷ್ಟು ಎಣ್ಣಿ ಸುಡತೈತಿ, ಒಂದಿಷ್ಟು ಸೋರತೈತಿ. ಪ್ರತಿ ಗುರುವಾರ ಕಾಕಾ ಇಲ್ಲಿ ಬಂದು ತುಂಬಿಸಿಕೊಂಡು ಹೋಗ್ತಿದ್ರು."

"ಎರಡು ವರ್ಷ! ನನಗೊಂದು ಮಾತು ಹೇಳಿಲ್ಲ? ಎಂಥಾ ಕಳ್ಳ…" ತಾಯಿಯ ಮುಖ ನೋಡಿ ಸೋಮೇಶ ಉಳಿದದ್ದನ್ನು ನುಂಗಿದ.

"ನಾನೂ ಅಂದಿದ್ದೆರಿ, ಮಾಲಕರಿಗಿ ಹೇಳಿಬಿಡು ಕಾಕಾ ಅಂತ. 'ಹೇಳಿದ್ರ ಗುರುವಾರ ನಿಂತು ಹೋಗತೈತಿ' ಅಂದ್ರು."

ಶಾರದಾಬಾಯಿ ಬಾನೆಟ್‌ನೊಳಗೆ ನೋಡುತ್ತ ನಿಂತಳು. ಸೊಲ್ಲಾಪುರದ ಮನೆಯಲ್ಲಿ ಗಾಡಿ ನಿಲ್ಲಿಸಿದಾಗಲೆಲ್ಲ ಭಗವಂತ ಅಂಗಡಿಯ ಹಳೆಯ ರಟ್ಟನ್ನು ಅದರ ಕೆಳಗೆ ಹಾಸುತ್ತಿದ್ದ. ಕೇಳಿದರೆ, ನೆಲದ ಫರಸಿ ಹೊಲಸಾಗುತ್ತದೆ ಅನ್ನುತ್ತಿದ್ದ. ಅಷ್ಟೆಲ್ಲ ಕಲಿಸಿದವನು ಇದೊಂದನ್ನು ಮುಚ್ಚಿಟ್ಟಿದ್ದ.

"ಚಾಲೂ ಮಾಡಬ್ಯಾಡ್ರಿ, ಇಂಜಿನ್ ಕಚ್ಚಿ ಹಿಡೀತೈತಿ," ಅಂದ ಧನರಾಜ. "ನಾ ಹೊಳ್ಳಿ ಬಂದು ನೋಡ್ತೀನಿ."

"ನಿನ್ನ ಗಾಡಿ ಮ್ಯಾಲ ನಾ ಬರ್ತೀನಪಾ," ಅಂದಳು ಶಾರದಾಬಾಯಿ.

"ಅವ್ವಾ! ಮೋಟಾರ್‌ಸೈಕಲ್ ಮ್ಯಾಲ? ಅರವತ್ತಾರು ವರ್ಷದಾಕಿ! ತಡಿ, ರಿಕ್ಷಾ ನೋಡ್ತೀನಿ."

"ರಿಕ್ಷಾ ಸಿಗೂದರಾಗ ಹನ್ನೊಂದ ಆಗತೈತಿ." ಆಗಲೇ ಆಕೆ ಚೀಲವನ್ನು ಎದೆಗೆ ಅವಚಿಕೊಂಡು ಮೋಟಾರ್‌ಸೈಕಲ್ಲಿನ ಹಿಂದಿನ ಸೀಟಿನ ಮೇಲೆ ಒಂದು ಬದಿಗೆ ಕುಳಿತಿದ್ದಳು.

"ಗಟ್ಟಿ ಹಿಡಕೋರಿ ಆಯಿ," ಅಂದ ಧನರಾಜ. ಸೋಮೇಶ ಗಾಡಿಯ ಹತ್ತಿರವೇ ಉಳಿದ.

*

ಎರಡು ವರ್ಷದ ಹಿಂದೆ ಗಾಡಿ ಏರಿನಲ್ಲಿ ಜಗ್ಗದಾಗಿತ್ತು. ಭಗವಂತ ಹೇಳಿದ ಮೇಲೆ ಸೋಮೇಶ ಅದನ್ನು ಅಕ್ಕಲಕೋಟ ರಸ್ತೆಯ ಎಂಐಡಿಸಿ ಕಾರ್ಖಾನೆಗಳ ಹತ್ತಿರ ಯಾರಿಗೋ ತೋರಿಸಿದ್ದ. ಟರ್ಬೊ ಬದಲಿಸಬೇಕು ಅಂದಿದ್ದರು. ಸೋಮೇಶ ಅದನ್ನು ಬದಲಿಸದೆ ಮೇಲೆ ಮೇಲೆ ರಿಪೇರಿ ಮಾಡಿಸಿಕೊಂಡು ಬಂದು, ಪಡಸಾಲೆಯಲ್ಲಿ ನಿಂತು, ಭಗವಂತನ ಎದುರಿಗೇ ಹೇಳಿದ್ದ: "ಇದ ಕಡೀ ಸಲ. ಇನ್ನೊಂದು ಕಂಪ್ಲೇಂಟ್ ಬಂತಂದ್ರ ಗಾಡಿನೂ ಬ್ಯಾಡ, ಡ್ರೈವರೂ ಬ್ಯಾಡ. ಅವ್ವಗ ಕೈ ಮುಗ್ಯಾಕ ಮನ್ಯಾಗ ದೇವರಿಲ್ಲೇನು?"

ಭಗವಂತ ಆಮೇಲೆ ಒಂದು ಕಂಪ್ಲೇಂಟನ್ನೂ ತರಲಿಲ್ಲ.

ಶಾರದಾಬಾಯಿಯೂ ಒಂದನ್ನು ಮುಚ್ಚಿಟ್ಟಿದ್ದಳು. ಗಾಡಿ ಹತ್ತಿದಾಗ, ಇಳಿಯುವಾಗ ಮೀಟರ್ ನೋಡುವುದು ಆಕೆಯ ಚಟ. ಹೋಗಿ ಬರಲು ಎಂಬತ್ತು ಕಿಲೋಮೀಟರ್ ಆಗಬೇಕು. ಪ್ರತಿ ಗುರುವಾರ ನೂರಾ ಹತ್ತು ಆಗುತ್ತಿತ್ತು. ಆಕೆ ಗುಡಿಯಲ್ಲಿದ್ದಾಗ ಅವನು ನಾಗಣಸೂರಿಗೆ, ತನ್ನ ಮನೆಗೆ, ಹೋಗಿ ಬರುತ್ತಾನೆಂದು ಊಹಿಸುವುದು ಕಷ್ಟವಿರಲಿಲ್ಲ. ಉಳಿದ ದಿನ ಅವನು ಸೊಲ್ಲಾಪುರದಲ್ಲಿ ಗೋದಾಮಿನ ಪಕ್ಕದ ಖೋಲಿಯಲ್ಲಿ ಒಬ್ಬನೇ ಮಲಗುತ್ತಿದ್ದ. ಕೇಳಿದರೆ ಅವನು ಹೆದರುತ್ತಾನೆ, ಹೋಗುವುದನ್ನು ಬಿಡುತ್ತಾನೆ. ಆಕೆ ಕೇಳಲಿಲ್ಲ. ದರ್ಶನ ಮುಕ್ಕಾಲು ತಾಸಿನಲ್ಲಿ ಮುಗಿಯುತ್ತಿತ್ತು. ಆಮೇಲೆ ಆಕೆ ಕಂಬಕ್ಕೆ ಒರಗಿ, ಜಪವನ್ನೂ ಮಾಡದೆ, ಒಂದೂವರೆಯತನಕ ಸುಮ್ಮನೆ ಕುಳಿತಿರುತ್ತಿದ್ದಳು.

ಮೋಟಾರ್‌ಸೈಕಲ್ಲಿನ ಮೇಲೆ ಗಾಳಿಗೆ ಕಣ್ಣಲ್ಲಿ ನೀರು ಬಂತು. 'ಗುರುವಾರ ನಿಂತು ಹೋಗತೈತಿ.' ಅವನು ಹೇಳಿದ್ದು ಯಾರ ಗುರುವಾರ, ತನ್ನದೋ, ಅವನ ಮನೆಯವರದೋ? ಆಕೆಗೆ ಉತ್ತರ ಗೊತ್ತಿತ್ತು. ಆದರೂ ದಾರಿಯುದ್ದಕ್ಕೂ ಅದನ್ನೇ ಕೇಳಿಕೊಂಡಳು.

*

ಭಗವಂತನ ಮನೆಯ ಅಂಗಳದಲ್ಲಿ ಹಿರಿಯರೊಬ್ಬರು 'ಬುದ್ಧಂ ಶರಣಂ ಗಚ್ಛಾಮಿ' ಎಂದು ತ್ರಿಶರಣ ಹೇಳಿಸುತ್ತಿದ್ದರು. ಬಿಳಿ ಬಟ್ಟೆಯ ಜನ ಗೋಡೆಯ ಗುಂಟ ಬಿಸಿಲಿನಲ್ಲಿ ಒತ್ತಿಕೊಂಡು ಕುಳಿತಿತ್ತು. ಹನ್ನೊಂದು ದಾಟಿ ಹತ್ತು ನಿಮಿಷವಾಗಿತ್ತು.

"ಯಾರ ಬೇ ಇವರು?" ಕುಳಿತ ಹೆಂಗಸರಲ್ಲಿ ಪಿಸುಮಾತು ಎದ್ದಿತು.

"ಗಾಡಿಯವರು. ಸೊಲ್ಲಾಪುರದವರು."

"ಗಾಡಿಯವರು ಫಟಫಟಿ ಮ್ಯಾಲ ಬಂದಾರಲ್ಲ!"

"ಸುಮ್ಮನಿರು. ಕುರ್ಚಿ ತರ್ರಿ, ಕುರ್ಚಿ."

ಪಿಂಕಿ ಆಕೆಯ ಕೈ ಹಿಡಿದು ಮುಂದೆ ಕರೆದೊಯ್ದಳು. ಭಗವಂತನ ಮುಖ ಹಳದಿಯಾಗಿತ್ತು, ಸಣ್ಣದಾಗಿತ್ತು. ಬಲಗೆನ್ನೆಯ ಮೇಲೆ, ಕಣ್ಣಿನ ಕೆಳಗೆ, ಕಾಳಿನಷ್ಟು ದೊಡ್ಡ ಮಚ್ಚೆಯಿತ್ತು. ಶಾರದಾಬಾಯಿ ಆ ಮಚ್ಚೆಯನ್ನು ನೋಡಿದಳು. ಆರು ವರ್ಷ, ವಾರಕ್ಕೆ ಎರಡು ತಾಸು. ಆಕೆಗೆ ಅದು ಗೊತ್ತೇ ಇರಲಿಲ್ಲ.

ತಲೆಯ ಹತ್ತಿರ ಕುಳಿತಿದ್ದ ಅವನ ಹೆಂಡತಿ ಭಾಗಾಬಾಯಿ ಮುಖ ಎತ್ತಿದಳು. "ಗಾಡಿ ತಂದಿಲ್ಲೇನ್ರಿ?"

"ದಾರ್ಯಾಗ ನಿಂತೈತಿ ನೋಡವಾ."

"ಅವರು ಇದ್ದಿದ್ರ ನಿಂದರತಿರಲಿಲ್ಲ." ಭಾಗಾಬಾಯಿ ಗಂಡನ ಮೇಲಿನ ಬಟ್ಟೆಯ ಅಂಚನ್ನು ಸರಿಮಾಡಿದಳು. "ನಿಮಗ ಹೇಳ್ತೀನ್ರಿ ಅವ್ವಾರ, ಸಿಟ್ಟಾಗಬ್ಯಾಡ್ರಿ. ಗುರುವಾರ ಇಲ್ಲಿ ಬಂದು ಉಂಡು ಹೋಗ್ತಿದ್ರು. ನಿಮ್ಮ ಗಾಡಿ ತಗೊಂಡು. ನಿಮಗ ಹೇಳಿರಲಿಲ್ಲ."

"ಗೊತ್ತಿತ್ತು."

ಭಾಗಾಬಾಯಿ ಆಕೆಯನ್ನೇ ನೋಡಿದಳು. "ಗೊತ್ತಿತ್ತಾ? ಅವರು ಅಂತಿದ್ರು, ನಮ್ಮ ಅವ್ವಾರಿಗಿ ದೇವರಂದ್ರ ಭಾಳ ಭಕ್ತಿ, ಗುಡಿ ಹೊಕ್ಕರ ಮೂರು ತಾಸು ಹೊರಗ ಬರಂಗಿಲ್ಲ ಅಂತ."

"ಮತ್ತೇನಂತಿದ್ದ?"

"ಮತ್ತೇನಿಲ್ರಿ. ಉಣ್ಣೂದು, ಪಿಂಕಿನ್ನ ಮಾತಾಡಸೂದು, ಹೋಗೂದು."

ಶಾರದಾಬಾಯಿ ತಲೆಯಾಡಿಸಿದಳು. ಯಾರೋ ಬಂದು ಆಕೆಯನ್ನು ಕುರ್ಚಿಗೆ ಕರೆದೊಯ್ದರು. ಕೆಂಪು ಪ್ಲಾಸ್ಟಿಕ್ ಕುರ್ಚಿ. ಅಂಗಳದಲ್ಲಿ ಇದ್ದದ್ದು ಅದೊಂದೇ, ಹೆಂಗಸರ ಗುಂಪಿನಿಂದ ದೂರ. ಒಬ್ಬಳು ನೀರು ಕೊಟ್ಟಳು. ಎಲ್ಲರೂ ಆಕೆಗೆ ಮರ್ಯಾದೆ ಕೊಟ್ಟರು, ಯಾರೂ ಹತ್ತಿರ ಬರಲಿಲ್ಲ.

ಗಂಡಸರು ಭಗವಂತನನ್ನು ಹೆಗಲಿಗೆ ಎತ್ತಿದರು. ಪಿಂಕಿಯೂ ಒಂದು ತುದಿಗೆ ಹೆಗಲು ಕೊಟ್ಟಳು. ಭಾಗಾಬಾಯಿಯನ್ನು ಇಬ್ಬರು ಹಿಡಿದುಕೊಂಡು ನಡೆಸಿದರು. "ನೀವು ಇಲ್ಲೇ ಇರ್ರಿ ಆಯಿ, ಅಷ್ಟು ದೂರ ನಡೀಲಿಕ್ಕಾಗಂಗಿಲ್ಲ," ಅಂದು ಧನರಾಜ ಗುಂಪಿನ ಹಿಂದೆ ಓಡಿದ. ನಡೆಯಲಾಗದ ನಾಲ್ಕು ಮುದುಕಿಯರು ಗೋಡೆಗೆ ಆತು ಉಳಿದರು.

ಸೆರಗು ಹಣೆಗೆ ಎಳೆದುಕೊಂಡರೂ ಬಿಸಿಲು ತಲೆ ಸುಡುತ್ತಿತ್ತು. ಶಾರದಾಬಾಯಿ ನೆರಳಿಗಾಗಿ ಸುತ್ತ ನೋಡಿದಳು. ಅಂಗಳದ ಮೂಲೆಯಲ್ಲಿ ದೊಡ್ಡ ಬೇವಿನ ಗಿಡವಿತ್ತು. ಅದರ ಕೆಳಗೆ ದಟ್ಟ ನೆರಳು. ಅಷ್ಟು ಜನ ಬಿಸಿಲಿನಲ್ಲಿ ಕುಳಿತಿದ್ದರೂ ಅಲ್ಲಿ ಯಾರೂ ಕುಳಿತಿರಲಿಲ್ಲ. ಒಂದು ಗಾಡಿ ಹಿಡಿಸುವಷ್ಟು ಉದ್ದ, ಅಷ್ಟೇ ಅಗಲ, ನೆಲ ಖಾಲಿಯಾಗಿತ್ತು.

ಆಕೆ ಎದ್ದು ಆ ಕಡೆ ನಡೆದಳು.

"ಅಲ್ಲಿ ಬ್ಯಾಡ್ರಿ ಬಾಯಿ," ಗೋಡೆಯ ಕಡೆಯಿಂದ ಮುದುಕಿಯೊಬ್ಬಳು ಕೂಗಿದಳು. "ಅದು ಗಾಡಿ ಜಾಗ. ನೆಲಕ್ಕೆಲ್ಲ ಎಣ್ಣಿ ಇಳದೈತಿ, ಸೀರಿ ಕೆಡತೈತಿ."

ಮಣ್ಣಿನಲ್ಲಿ ಕರಿಯ ಕಲೆಗಳಿದ್ದವು. ಕೆಲವು ಹಳೆಯವು, ಒಣಗಿ ಬಿರುಕು ಬಿಟ್ಟವು. ಕೆಲವು ಇನ್ನೂ ಮೆತ್ತಗಿದ್ದವು. ಇಲ್ಲಿ ಅವನು ರಟ್ಟು ಹಾಸಿರಲಿಲ್ಲ.

ಶಾರದಾಬಾಯಿ ನೆರಿಗೆ ಎತ್ತಿ ಹಿಡಿಯಲಿಲ್ಲ. ಮೊಳಕಾಲಿನ ಮೇಲೆ ಕೈಯೂರಿ, ಮೆಲ್ಲಗೆ, ಆ ಕಲೆಗಳ ನಡುವೆ ನೆಲದ ಮೇಲೆ ಕುಳಿತಳು.