ಬದನೆ ಗಿಡಕ್ಕೆ ಹಾಕಿದ ಮೂರು ಗಂಟು

ಬದನೆಕಾಯಿ ಎಂದರೆ ನನಗೆ ಮೊದಲಿನಿಂದಲೂ ಆಗದು. ಆ ಲೊಳಲೊಳ ತಿರುಳು, ಆ ಬೀಜ, ಯಾವುದೂ ಬೇಡ. ಅಂಥ ನಾನು ಒಂದು ಬದನೆ ಗಿಡಕ್ಕಾಗಿ ಕಳ್ಳ ಕೆಲಸಕ್ಕೆ ಇಳಿದೆನೆಂದರೆ ಅದಕ್ಕೆ ನಮ್ಮ ಮಾವನೇ ಕಾರಣ.

ಮಾವ ತರಕಾರಿ ಅಂಗಡಿ ಇಟ್ಟಿದ್ದವರು. ಬೀದಿಯ ತಿರುವಿನಲ್ಲಿದ್ದ ಆ ಅಂಗಡಿಗೆ ಹೋದವರು ಯಾರೂ ಅವರ ಬಾಯಲ್ಲಿ "ಇಲ್ಲ" ಎಂಬ ಮಾತು ಕೇಳಿದ್ದಿಲ್ಲ. ಮಾಲು ಮುಗಿದಿದ್ದರೂ "ನಾಳೆ ಬನ್ನಿ ಅಕ್ಕಾ, ನಿಮಗೇ ಅಂತ ತೆಗೆದಿಟ್ಟಿರ್ತೀನಿ" ಎನ್ನುತ್ತಿದ್ದರು. ಆ ದನಿ ನಾಲ್ಕು ಮನೆಯಾಚೆಗೂ ಕೇಳುತ್ತಿತ್ತು. ಮೊಣಕಾಲು ಕೈಕೊಟ್ಟ ಮೇಲೆ ಅಂಗಡಿ ಬಿಟ್ಟರು. ಅಂಗಡಿಯ ಜೊತೆಗೆ ದನಿಯೂ ಹೋಯಿತು. ಬಡಿಸಿದರೆ ಉಣ್ಣುವರು, ಕೇಳಿದರೆ "ಹೂಂ" ಎನ್ನುವರು, ಉಳಿದ ಹೊತ್ತೆಲ್ಲ ಕಿಟಕಿಯ ಪಕ್ಕದ ಕುರ್ಚಿ. ನನ್ನ ಹೊಲಿಗೆ ಮಶೀನು ಇರುವುದೂ ಅದೇ ಕೋಣೆಯಲ್ಲಿ. ದಿನವಿಡೀ ಆ ಮೌನದ ಎದುರು ಕೂತು ಊರವರ ಬಟ್ಟೆ ಹೊಲಿಯುವಾಗ ನನಗೆ ಅಳುವೂ ಬರುತ್ತಿತ್ತು, ಸಿಟ್ಟೂ ಬರುತ್ತಿತ್ತು.

ಬೇಸಿಗೆ ಕಾಲಿಡುವ ಮೊದಲು ನನ್ನ ನಾದಿನಿ ಒಂದು ದಿನ ಕೇಳಿಯೇಬಿಟ್ಟಳು. ಅವಳು ಆಸ್ಪತ್ರೆಯಲ್ಲಿ ನರ್ಸು, ಬಾಯಿಗೆ ಬೀಗ ಇಲ್ಲದವಳು.

"ಅಪ್ಪಾ, ಇಷ್ಟು ವರ್ಷ ಮಾರಿದ್ಯಲ್ಲ, ಒಂದಾದ್ರೂ ಕಾಯಿ ನೀನೇ ಬೆಳ್ದಿದ್ದೀಯಾ?"

ಮಾವ ಕಿಟಕಿಯಿಂದ ಮುಖ ತಿರುಗಿಸಿ, "ಇಲ್ಲ" ಎಂದರು. ಅವರ ಬಾಯಲ್ಲಿ ಆ ಮಾತನ್ನು ನಾನು ಕೇಳಿದ್ದು ಅದೇ ಮೊದಲು.

ಮಾರನೆಯ ವಾರ ತಾರಸಿಯ ಮೇಲೆ ತೋಟ ಶುರುವಾಯಿತು. ತೂತು ಬಕೆಟ್ಟು, ಬಣ್ಣದ ಡಬ್ಬಿ, ಬಿರುಕು ಬಿಟ್ಟ ಟಬ್ಬು, ಕಣ್ಣಿಗೆ ಬಿದ್ದದ್ದಕ್ಕೆಲ್ಲ ಮಣ್ಣು ತುಂಬಿದೆವು. ನನ್ನ ಗಂಡ ಎಲೆಕ್ಟ್ರಿಷಿಯನ್. ಹಳೆಯ ವೈರು ಎಳೆದು ಹುರುಳಿಕಾಯಿ ಬಳ್ಳಿಗೆ ದಾರಿ ಮಾಡಿಕೊಟ್ಟ. ಬಿಸಿಲು ಏರಿದಾಗ ನಾನು ಚೂರುಬಟ್ಟೆಗಳನ್ನು ಜೋಡಿಸಿ ಹೊಲಿದು ಸಸಿಗಳ ಮೇಲೆ ಚಪ್ಪರ ಕಟ್ಟಿದೆ. ಸೊಪ್ಪು ನಾ ಮುಂದು ತಾ ಮುಂದು ಎಂದು ಎದ್ದಿತು. ಟೊಮ್ಯಾಟೊ ಗೋಲಿ ಗಾತ್ರ ಕಟ್ಟಿತು. ಮಾವ ಗೋಡೆ ಹಿಡಿದುಕೊಂಡು ದಿನಾ ಬೆಳಿಗ್ಗೆ ಮೆಟ್ಟಿಲು ಹತ್ತುವರು, ನೀರು ಹಾಕುವರು, ನಮ್ಮನ್ನು ಬೈಯುವರು. ಆ ಬೈಗುಳ ಕೇಳಿ ನನಗಾದ ಖುಷಿ ಅಷ್ಟಿಷ್ಟಲ್ಲ.

ಆದರೆ ಅವರ ಜೀವವೆಲ್ಲ ಮೂಲೆಯ ಬದನೆ ಗಿಡದಲ್ಲಿತ್ತು. "ಸೊಪ್ಪು ಯಾರು ಹಾಕಿದ್ರೂ ಬರುತ್ತೆ. ಬದನೆ ಕಾಯಿಬಿಟ್ರೆ ಬೆಳೆದ ಹಾಗೆ" ಎನ್ನುವರು. ಗಿಡವೇನೋ ಸೊಂಟದೆತ್ತರ ಬೆಳೆದು ಮೊರದಗಲದ ಎಲೆ ಹರಡಿ ಮೆರೆಯುತ್ತಿತ್ತು. ಹೂ ಮಾತ್ರ ಬಿಟ್ಟಷ್ಟೂ ಬಿಸಿಲಿಗೆ ಉದುರಿಹೋಗುತ್ತಿತ್ತು. ಮಾವನ ಮುಖ ಮತ್ತೆ ಇಳಿಯಿತು. ಒಂದು ಸಂಜೆ ಊಟಕ್ಕೆ ಕೂತವರು, "ಭಾನುವಾರ ಆ ಗಿಡ ಕಿತ್ತು ಹಾಕ್ತೀನಿ. ಮಾರೋ ಕೈಗೆ ಬೆಳೆಯೋದು ಬರಲ್ಲ" ಎಂದುಬಿಟ್ಟರು.

ಕಿತ್ತರೆ ಗಿಡ ಒಂದೇ ಹೋಗುವುದಿಲ್ಲ, ಮಾವ ಮತ್ತೆ ಆ ಕಿಟಕಿಯ ಕುರ್ಚಿಗೆ ಹೋಗಿ ಬೀಳುತ್ತಾರೆ ಎಂದು ನನಗೆ ಹೆದರಿಕೆಯಾಯಿತು.

ಶನಿವಾರ ಮಾವ ಮಧ್ಯಾಹ್ನದ ನಿದ್ದೆಯಲ್ಲಿದ್ದಾಗ ಪೇಟೆಗೆ ಹೋಗಿ ಒಂದು ದುಂಡನೆಯ ನೇರಳೆ ಬದನೆಕಾಯಿ ತಂದೆ. ಬೆಕ್ಕಿನ ಹಾಗೆ ತಾರಸಿ ಹತ್ತಿ, ಗಿಡದ ಬುಡದ ಕೊಂಬೆಗೆ ಹಸಿರು ದಾರದಲ್ಲಿ ಕಟ್ಟಿದೆ. ಗಂಟು ಕಾಣದ ಹಾಗೆ ಒಳಕ್ಕೆ ಸೇರಿಸಿದೆ. ಅಷ್ಟು ಕೆಳಗೆ ಕಟ್ಟಿದ್ದರಲ್ಲಿ ನನ್ನ ಬುದ್ಧಿವಂತಿಕೆಯಿತ್ತು: ಮೊಣಕಾಲು ನೋವಿನ ಮನುಷ್ಯ ಬಗ್ಗಿ ನೋಡುವುದಿಲ್ಲ, ದೂರದಿಂದಲೇ ಕಂಡು ಹಿಗ್ಗುತ್ತಾರೆ ಎಂಬ ಲೆಕ್ಕಾಚಾರ. ಯಾರಿಗೂ ಹೇಳಲಿಲ್ಲ.

ಭಾನುವಾರ ಬೆಳಿಗ್ಗೆ ಮೇಲಿನಿಂದ ಕೂಗು ಬಂತು. "ಎಲ್ಲಾರೂ ಬನ್ರಿ ಇಲ್ಲಿ."

ಹೋಗಿ ನೋಡಿದರೆ ಮಾವ ಗಿಡದ ಮುಂದೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದಾರೆ. ಬುಡದಲ್ಲಿ ನನ್ನ ನೇರಳೆಯದು. ಅದರಾಚೆ, ಗೋಡೆಯ ಕಡೆಯ ಕೊಂಬೆಯಲ್ಲಿ ಉದ್ದನೆಯ ಹಸಿರು ಬದನೆಕಾಯಿ. ತುದಿಯಲ್ಲಿ ಮೊಟ್ಟೆಯಂಥ ಬಿಳಿ ಬದನೆಕಾಯಿ. ನಾನು ಗಂಡನ ಮುಖ ನೋಡಿದೆ, ಗಂಡ ತಂಗಿಯ ಮುಖ ನೋಡಿದ, ಅವಳು ಆಕಾಶ ನೋಡಿದಳು.

"ಒಂದೇ ಗಿಡ, ಮೂರು ಜಾತಿ" ಎಂದರು ಮಾವ. "ಇಷ್ಟು ವರ್ಷದ ವ್ಯಾಪಾರದಲ್ಲಿ ಇಂಥದ್ದು ನೋಡಿರ್ಲಿಲ್ಲ."

ಅವರು ಹಸಿರು ಕಾಯಿಯನ್ನು ಬೆರಳಲ್ಲಿ ತಟ್ಟಿದರು. "ತೊಟ್ಟಿಗೆ ತಾಮ್ರದ ತಂತಿ ಸುತ್ತಿದೆ. ಸ್ವಿಚ್ ಹಾಕಿದ್ರೆ ಉರಿಯುತ್ತೇನಪ್ಪಾ ಇದು?"

ಗಂಡ ತಲೆ ಕೆರೆದುಕೊಂಡ. "ನಿನ್ನೆ ಸಂಜೆ... ಸುಮ್ನೆ..."

"ಈ ಬಿಳೀದಕ್ಕೆ ಪಾಪ, ಗಾಯ ಆಗಿದೆ. ಆಸ್ಪತ್ರೆ ಪಟ್ಟಿ ಹಾಕಿದ್ದಾರೆ."

"ನಿನ್ನೆ ರಾತ್ರಿ ಡ್ಯೂಟಿ ಮುಗಿಸಿ ಬರೋವಾಗ ತಂದಿದ್ದು" ಎಂದಳು ನಾದಿನಿ. "ಅತ್ತಿಗೆ, ನೀವೂನಾ?"

ನಾನು ನಾಲಿಗೆ ಕಚ್ಚಿಕೊಂಡೆ. ಮಾವ ನನ್ನ ಕಡೆ ತಿರುಗಿದರು. "ಗಂಟು ಮಾತ್ರ ನಿಂದೇ ಚೆನ್ನಾಗಿದೆಯಮ್ಮಾ, ಹುಡುಕೋಕೆ ಹೊತ್ತಾಯ್ತು. ಆದ್ರೆ ಕಾಯಿ ಹಳೇ ಮಾಲು. ಯಾವನೋ ನಿಂಗೆ ಟೋಪಿ ಹಾಕಿದ್ದಾನೆ."

ಮೊದಲು ನಕ್ಕವಳು ನಾದಿನಿ. ಆಮೇಲೆ ನಾವು ನಾಲ್ವರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಮಾವನ ಕಣ್ಣಲ್ಲಿ ನೀರು ಬಂತು. ಅದು ಬರೀ ನಗುವಿನದಲ್ಲ ಎಂದು ನನಗೆ ಗೊತ್ತಾಯಿತು.

"ಕೀಳೋಕೇ ಅಂತ ಬಂದಿದ್ದೆ" ಎಂದರು. "ಬುಡಕ್ಕೆ ಕೈ ಹಾಕಿದ್ರೆ ಇವಳ ನೇರಳೆ ಕಾಯಿ ಕಂಡ್ತು. ಇದೇನಪ್ಪಾ ಅಂತ ಕೂತೆ. ಈ ಮೊಣಕಾಲಿಟ್ಕೊಂಡು ನೆಲಕ್ಕೆ ಕೂತು ಎಷ್ಟು ಕಾಲ ಆಗಿತ್ತೋ. ಕೂತಿದ್ದಕ್ಕೆ ಇದು ಸಿಕ್ತು."

ಒಂದು ಎಲೆ ಎತ್ತಿ ಹಿಡಿದರು. ಅದರಡಿ, ಒಣಗಿದ ಹೂವಿನ್ನೂ ತುದಿಗೆ ಅಂಟಿಕೊಂಡಿದ್ದ, ಹೆಬ್ಬೆರಳ ಉಗುರಿನಷ್ಟು ಕಾಯಿ.

"ಇದಕ್ಕೆ ಯಾರೂ ಏನೂ ಕಟ್ಟಿಲ್ಲ. ನೋಡ್ಕೊಳ್ಳಿ" ಎಂದರು.

ನಾವು ಸರದಿಯಲ್ಲಿ ಬಗ್ಗಿ ನೋಡಿದೆವು. ನಾದಿನಿ ಉಸಿರು ಬಿಗಿಹಿಡಿದೇ ನೋಡಿದಳು. ಆಮೇಲೆ ಮಾವನನ್ನು ನೆಲದಿಂದ ಎಬ್ಬಿಸಲು ಮೂರು ಜನವೂ ಬೇಕಾಯಿತು.

ಆ ಕಾಯಿ ಮುಷ್ಟಿಯಷ್ಟಾಗುವವರೆಗೆ ನಮ್ಮ ಮನೆಯಲ್ಲಿ ಬೇರೆ ಮಾತೇ ಇರಲಿಲ್ಲ. ಬೇಸಿಗೆ ಮುಗಿಯುವ ಮೊದಲು ಮಾವ ಅದನ್ನು ತಾವೇ ಕೊಯ್ದು, ತಾವೇ ಹೆಚ್ಚಿ, ಉಪ್ಪು ಖಾರ ಸವರಿ, ಎಣ್ಣೆಯಲ್ಲಿ ಹುರಿದು ನಾಲ್ಕು ತಟ್ಟೆಗೆ ಹಾಕಿದರು. ನನ್ನ ತಟ್ಟೆಯನ್ನು ಗಂಡ ಮೆಲ್ಲನೆ ತನ್ನ ಕಡೆ ಎಳೆದುಕೊಳ್ಳಲು ನೋಡಿದ. ನಾನು ಅವನ ಕೈಗೊಂದು ಬಿಟ್ಟು, ತುಂಡನ್ನು ಬಾಯಿಗೆ ಹಾಕಿಕೊಂಡೆ. ಅಂಚು ಗರಿಗರಿ, ಒಳಗೆ ಮೆತ್ತಗೆ. ಇಷ್ಟು ವರ್ಷ ಸುಮ್ಮನೆ ಮೂಗು ಮುರಿದೆನಲ್ಲ ಎನಿಸಿತು.

"ಇನ್ನೊಂದು ಚೂರಿದೆಯಾ ಮಾವ?"

ಮಾವ ಖಾಲಿ ಬಾಣಲೆಯನ್ನು ಓರೆ ಮಾಡಿ ತೋರಿಸಿ ಗಂಟಲು ಸರಿಮಾಡಿಕೊಂಡರು.

"ಇವತ್ತಿನ ಮಾಲು ಮುಗೀತು. ನಾಳೆ ಬನ್ನಿ ಅಕ್ಕಾ, ನಿಮಗೇ ಅಂತ ತೆಗೆದಿಟ್ಟಿರ್ತೀನಿ."

ಎದುರು ಮನೆಯವರು ಕಿಟಕಿ ತೆಗೆದು, ಅಂಗಡಿ ಮತ್ತೆ ಶುರು ಮಾಡಿದ್ರಾ ಎಂದು ಕೇಳಿದರು.